ಪಕ್ಕದ ಸೀಟಿನವರಿಗೆ ನಿಮ್ಮ ಕಕ್ಷಿದಾರರ ಊರು ಗೊತ್ತಿರುತ್ತದೆ

ಪ್ರಶ್ನೆ: ನಮಸ್ಕಾರ ಸರ್. ನಾನು ಬಾಗಲಕೋಟೆ ನವನಗರದ ವಕೀಲರೊಬ್ಬರ ಹತ್ತಿರ ಜೂನಿಯರ್. ನಮ್ಮಲ್ಲಿಗೆ ಬರುವುದು ಜಾಸ್ತಿ ಕೃಷ್ಣಾ ಮೇಲ್ದಂಡೆ ಯೋಜನೆಯ ಭೂಪರಿಹಾರದ ಕೇಸುಗಳು. ವಾರಕ್ಕೆ ಎರಡು ಸಲ ಧಾರವಾಡದ ಹೈಕೋರ್ಟ್ ಪೀಠಕ್ಕೆ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಮನೆಯಲ್ಲಿ ಕೂತು ಕೆಲಸ ಮಾಡಲು ಜಾಗವಿಲ್ಲ. ಹಾಗಾಗಿ ಬಸ್ಸಿನಲ್ಲಿ, ಬಸ್ ಸ್ಟ್ಯಾಂಡಿನ ಕ್ಯಾಂಟೀನಿನಲ್ಲಿ, ಕೋರ್ಟ್ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಲ್ಯಾಪ್‌ಟಾಪ್ ತೆಗೆದು ಕೂರುತ್ತೇನೆ. ಹೊರಗೆ ಫೈಲ್ ತೆರೆಯಲೇ ಬೇಡ ಎಂದು ನಮ್ಮ ಸೀನಿಯರ್ ಬಯ್ಯುತ್ತಾರೆ. ವಿಪಿಎನ್ ಹಾಕಿಕೊಂಡರೆ ಸಾಕು ಎಂದು ಗೆಳತಿ ಹೇಳುತ್ತಾಳೆ. ಯಾರ ಮಾತು ಕೇಳಲಿ?

ಉತ್ತರ: ಒಬ್ಬರ ಮಾತನ್ನೇ ಕೇಳಬೇಕೆಂದರೆ ಸೀನಿಯರ್ ಮಾತು ಕೇಳಿ. ಆದರೆ ಅವರು ಹೇಳಿದಂತೆ ಪೂರ್ತಿ ನಡೆಯುವುದು ನಿಮಗೆ ಆಗದ ಮಾತು ಅನ್ನುವುದೂ ನನಗೆ ಗೊತ್ತು. ದಿನಕ್ಕೆ ಆರು ತಾಸು ಬಸ್ಸಿನಲ್ಲಿ ಕಳೆಯುವವರಿಗೆ ಸುಮ್ನೆ ಕೂತಿರು ಎಂದು ಹೇಳಿ ಪ್ರಯೋಜನವಿಲ್ಲ. ಹಾಗಾಗಿ ಯಾವ ಕೆಲಸ ಹೊರಗೆ ಮಾಡಬಹುದು, ಯಾವುದನ್ನು ಮಾಡಲೇಬಾರದು ಅಂತ ಬಿಡಿಸಿ ಹೇಳುತ್ತೇನೆ.

ಮೊದಲು ವಿಪಿಎನ್ ವಿಷಯ ಮುಗಿಸೋಣ. ನಿಮ್ಮ ಲ್ಯಾಪ್‌ಟಾಪಿನಿಂದ ಹೊರಗೆ ಹೋಗುವ ಇಂಟರ್ನೆಟ್ ಸಂಚಾರವನ್ನು ಅದು ಮುಚ್ಚುತ್ತದೆ. ಅಷ್ಟೇ ಅದರ ಕೆಲಸ. ನಿಮ್ಮ ಪರದೆ, ನಿಮ್ಮ ಮಾತು, ನಿಮ್ಮ ತೊಡೆಯ ಮೇಲಿನ ಕಾಗದ, ಈ ಮೂರೂ ಅದರ ವ್ಯಾಪ್ತಿಗೆ ಬರುವುದಿಲ್ಲ. ಗುಟ್ಟು ಸೋರುವುದು ಈ ಮೂರರಿಂದಲೇ. ಬಸ್ ಸ್ಟ್ಯಾಂಡಿನಲ್ಲೋ ರೈಲು ನಿಲ್ದಾಣದಲ್ಲೋ ವೈಫೈ ಬಳಸಿದರೆ ಎಲ್ಲಾ ಕದ್ದುಬಿಡುತ್ತಾರೆ ಎಂಬ ಹೆದರಿಕೆ ಹಳೇ ಕಾಲದ್ದು. ಇವತ್ತು ಬ್ಯಾಂಕು, ಇಮೇಲ್, ಇ-ಕೋರ್ಟ್ ಎಲ್ಲವೂ ತಮ್ಮ ಮಟ್ಟದಲ್ಲೇ ಸಂಚಾರವನ್ನು ಗೂಢಲಿಪಿ ಮಾಡಿರುತ್ತವೆ. ಆದರೂ ನಿಮ್ಮ ಫೋನಿನ ಹಾಟ್‌ಸ್ಪಾಟ್ ಇರುವಾಗ ಸಾರ್ವಜನಿಕ ವೈಫೈ ಯಾಕೆ ಬೇಕು? ಅದನ್ನೇ ಬಳಸಿ. ಚಾರ್ಜಿಂಗಿಗೆ ನಿಮ್ಮದೇ ಅಡಾಪ್ಟರ್ ಇಟ್ಟುಕೊಳ್ಳಿ, ಯುಎಸ್‌ಬಿ ತೂತಿಗೆ ನೇರವಾಗಿ ಕೇಬಲ್ ಹಾಕಬೇಡಿ. ಈ ವಿಷಯ ಇಲ್ಲಿಗೆ ಸಾಕು.

ಈಗ ನಿಜವಾದ ಅಪಾಯಕ್ಕೆ ಬರೋಣ. ಬೆಂಗಳೂರಿನ ಮೆಟ್ರೋದಲ್ಲಿ ಯಾರಾದರೂ ನಿಮ್ಮ ಪರದೆ ನೋಡಿದರೂ ಅದರಲ್ಲಿರುವ ಹೆಸರು ಅವರಿಗೆ ಯಾರೋ ಒಬ್ಬರದು. ಬಾಗಲಕೋಟೆಯಿಂದ ಹೊರಟ ಬಸ್ಸಿನಲ್ಲಿ ಹಾಗಲ್ಲ. ಪಕ್ಕದಲ್ಲಿ ಕೂತವರು ಬೀಳಗಿ ಕಡೆಯವರೋ ಜಮಖಂಡಿ ಕಡೆಯವರೋ ಆಗಿರುತ್ತಾರೆ. ಫೈಲಿನ ಮೇಲಿನ ಅಡ್ಡಹೆಸರು ಓದಿದ ಕೂಡಲೇ ಮನೆ ಯಾವುದು, ಅಣ್ಣತಮ್ಮಂದಿರು ಎಷ್ಟು ಜನ, ವಾಟ್ನಿ (ಆಸ್ತಿಯ ಪಾಲು) ಆಗಿದೆಯೋ ಇಲ್ಲವೋ, ಎಲ್ಲಾ ಅವರ ತಲೆಯಲ್ಲಿ ಬಂದಿರುತ್ತದೆ. ಅವರು ಕೆಟ್ಟವರೇನಲ್ಲ. ಊರಿಗೆ ಹೋಗಿ ಕಟ್ಟೆಯ ಮೇಲೆ ಕೂತು "ನಿಮ್ಮ ಕಾಕಾಂದೂ ಹೆಚ್ಚಿನ ಪರಿಹಾರದ ಕೇಸ್ ಹಾಕ್ಯಾರಂತಲ್ಲ" ಎಂದು ಒಂದು ಮಾತು ಹೇಳುತ್ತಾರೆ, ಅಷ್ಟೇ. ಆದರೆ ಆ ಒಂದು ಮಾತಿಗೆ ಒಂದು ಮನೆ ಒಡೆಯಬಹುದು.

ನಿಮ್ಮ ಫೈಲುಗಳಲ್ಲಿ ದುಡ್ಡಿನ ಲೆಕ್ಕ ಎಷ್ಟು ಸುಲಭ ನೋಡಿ. ಆಲಮಟ್ಟಿ ಅಣೆಕಟ್ಟಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ, ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತಕ್ಕೆ ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರಿನಲ್ಲಿ ದರ ಗೊತ್ತುಮಾಡಿತು. ಮುಳುಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ ರೂಪಾಯಿ, ಒಣ ಬೇಸಾಯದ ಜಮೀನಿಗೆ 30 ಲಕ್ಷ. ಈ ದರ ಎಲ್ಲಾ ಪತ್ರಿಕೆಯಲ್ಲಿ ಬಂದಿದೆ. ಈಗ ನಿಮ್ಮ ಪರದೆಯ ಮೇಲೆ ಒಂದು ಹೆಸರು ಮತ್ತು 6 ಎಕರೆ ನೀರಾವರಿ ಎನ್ನುವ ಸಾಲು ಕಂಡಿತು ಅಂದುಕೊಳ್ಳಿ. ಪಕ್ಕದವರು ಮನಸ್ಸಿನಲ್ಲೇ ಗುಣಿಸುತ್ತಾರೆ, 2 ಕೋಟಿ 40 ಲಕ್ಷ. ಆ ಲೆಕ್ಕ ಮೊದಲು ಮುಟ್ಟುವುದು ಸಾಲ ಕೇಳುವ ಬೀಗರಿಗೆ, ಪಾಲು ಕೇಳುವ ದಾಯಾದಿಗೆ, ಬೇಗ ದುಡ್ಡು ಬಿಡಿಸಿಕೊಡುತ್ತೇನೆ ಎನ್ನುವ ದಲ್ಲಾಳಿಗೆ.

ನೀವು ಕೇಳಬಹುದು, ಉತಾರ (ಪಹಣಿ) ಗುಟ್ಟಿನ ಕಾಗದ ಅಲ್ಲವಲ್ಲ, ಭೂಮಿ ತಂತ್ರಾಂಶದಲ್ಲಿ ಸರ್ವೆ ನಂಬರ್ ಹಾಕಿದರೆ ಯಾರು ಬೇಕಾದರೂ ನೋಡಬಹುದಲ್ಲ ಎಂದು. ನಿಜ. ಉತಾರ ಗುಟ್ಟಲ್ಲ. ಆದರೆ ಆ ಉತಾರ ವಕೀಲರ ಕೈಯಲ್ಲಿ ಇದೆ ಎನ್ನುವುದು ಗುಟ್ಟು. ಅದರ ಅಂಚಿನಲ್ಲಿ ನಿಮ್ಮ ಸೀನಿಯರ್ ಪೆನ್ಸಿಲಿನಿಂದ ಬರೆದ ನಾಲ್ಕು ಶಬ್ದ ಗುಟ್ಟು. ಒಪ್ಪಿತ ಐತೀರ್ಪಿಗೆ, ಅಂದರೆ ಸರ್ಕಾರದ ಜೊತೆ ಒಪ್ಪಿಕೊಂಡ ಪರಿಹಾರದ ಆದೇಶಕ್ಕೆ, ಸಹಿ ಹಾಕಲು ಕಕ್ಷಿದಾರ ತಯಾರಿದ್ದಾನೋ ಇಲ್ಲವೋ, ಎಷ್ಟಕ್ಕೆ ಇಳಿಯಬಲ್ಲ, ಮನೆಯಲ್ಲಿ ಯಾರು ತಕರಾರು ಮಾಡುತ್ತಿದ್ದಾರೆ ಎನ್ನುವುದು ದೊಡ್ಡ ಗುಟ್ಟು.

ಈ ಪಾಠವನ್ನು ನಾನೇ ಒಮ್ಮೆ ಕೆಟ್ಟ ರೀತಿಯಲ್ಲಿ ಕಲಿತೆ. ಬಹಳ ವರ್ಷದ ಹಿಂದೆ ಬೆಳಗಾವಿಯ ಕೋರ್ಟ್ ಹತ್ತಿರದ ಚಹಾದಂಗಡಿಯಲ್ಲಿ ಕೂತಿದ್ದೆ. ಆಗ ಒಂದು ಕಚೇರಿಯ ಲೆಕ್ಕಪತ್ರದ ಕೆಲಸ ನೋಡುತ್ತಿದ್ದೆ. ಅಣ್ಣತಮ್ಮಂದಿರ ನಡುವೆ ಅಂಗಡಿಯ ಪಾಲಿನ ವಿಷಯ. ದೊಡ್ಡವನ ಫೋನ್ ಬಂತು. ಸುತ್ತ ಕನ್ನಡ ಮಾತಾಡುವವರು ಕೂತಿದ್ದಾರೆ ಅಂದುಕೊಂಡು ನಾನು ಮರಾಠಿಯಲ್ಲಿ ಮಾತಾಡಿದೆ. ಅವನು ಎಷ್ಟು ಮೊತ್ತಕ್ಕೆ ಒಪ್ಪಲು ತಯಾರಿದ್ದಾನೆ ಅನ್ನುವುದನ್ನು ಬಾಯಿಬಿಟ್ಟು ಹೇಳಿದೆ. ಬೆಳಗಾವಿಯಲ್ಲಿ ಹುಟ್ಟಿ ಬೆಳೆದ ನಾನು ಅಲ್ಲಿ ಮರಾಠಿ ಎಲ್ಲರಿಗೂ ತಿಳಿಯುತ್ತದೆ ಎಂದು ಯೋಚಿಸಲೇ ಇಲ್ಲ. ಹಿಂದಿನ ಬೆಂಚಿನಲ್ಲಿ ತಮ್ಮನ ಭಾವಮೈದ ಕೂತಿದ್ದ. ಮರುದಿನ ಚೌಕಾಸಿಗೆ ಜಾಗವೇ ಉಳಿಯಲಿಲ್ಲ. ಆ ಮೊತ್ತಕ್ಕಿಂತ ಒಂದು ರೂಪಾಯಿ ಕಡಿಮೆಗೂ ತಮ್ಮ ಒಪ್ಪಲಿಲ್ಲ. ಆ ಅಣ್ಣ ನನ್ನನ್ನು ಬಯ್ಯಲಿಲ್ಲ. ಅವನಿಗೆ ಕಾರಣ ಗೊತ್ತೇ ಇರಲಿಲ್ಲ. ನನಗೆ ಗೊತ್ತಿತ್ತು. ಇವತ್ತಿಗೂ ಅದು ನನ್ನನ್ನು ಚುಚ್ಚುತ್ತದೆ. ಆಮೇಲೆ ನಾನು ಈ ಕೆಲಸಕ್ಕೇ ಇಳಿದೆ, ಕಚೇರಿಗಳ ದಾಖಲೆ ಜೋಪಾನ ಮಾಡುವುದು ಹೇಗೆ ಎಂದು ಹೇಳಿಕೊಡುವ ಕೆಲಸಕ್ಕೆ.

ಹಾಗಾಗಿ ಭಾಷೆ ಬದಲಿಸಿದರೆ ಗುಟ್ಟು ಉಳಿಯುತ್ತದೆ ಎಂದು ನಂಬಬೇಡಿ. ಬೆಳಗಾವಿಯಲ್ಲಿ ಮರಾಠಿ, ವಿಜಯಪುರದಲ್ಲಿ ಉರ್ದು, ಎಲ್ಲಾ ಕಡೆ ಇಂಗ್ಲಿಷಿನ ಅಂಕಿಸಂಖ್ಯೆ ಎಲ್ಲರಿಗೂ ತಿಳಿಯುತ್ತದೆ. ಕಕ್ಷಿದಾರರ ಫೋನ್ ಬಂದರೆ ಬಸ್ಸಿನಲ್ಲಿ ಒಂದೇ ಮಾತು ಹೇಳಿ: "ಬಸ್ಸಿನ್ಯಾಗ ಅದೀನ್ರಿ, ಇಳದ ಕೂಡ್ಲೇ ಮಾಡ್ತೀನಿ." ಅವರು ಬೇಸರ ಮಾಡಿಕೊಳ್ಳುವುದಿಲ್ಲ. ಒಮ್ಮೆ ಕಾರಣ ತಿಳಿಸಿದರೆ ನಿಮ್ಮ ಮೇಲಿನ ವಿಶ್ವಾಸ ಹೆಚ್ಚೇ ಆಗುತ್ತದೆ. ಇನ್ನೊಂದು ತೊಂದರೆ ಇದೆ. ನಮ್ಮ ಕಡೆಯ ಹಿರಿಯರು ಫೋನಿನಲ್ಲಿ ಕೂಗಿಯೇ ಮಾತಾಡುತ್ತಾರೆ. ನೀವು ಹ್ಞೂಂ ಅಂದರೂ ಅತ್ತಲಿಂದ ಬರುವ ದನಿ ಮೂರು ಸೀಟಿಗೆ ಕೇಳುತ್ತದೆ. ಇಯರ್‌ಫೋನ್ ಕಿವಿಯಲ್ಲಿ ಹಾಕಿಕೊಂಡೇ ಫೋನ್ ಎತ್ತುವ ಅಭ್ಯಾಸ ಮಾಡಿ.

ಕಾಗದದ ವಿಷಯಕ್ಕೆ ಒಂದು ಹೊರಗಿನ ಉದಾಹರಣೆ ಕೊಡುತ್ತೇನೆ. 2009ರ ಏಪ್ರಿಲ್ 8ರಂದು ಲಂಡನ್ನಿನ ಪೊಲೀಸ್ ಇಲಾಖೆಯ ಭಯೋತ್ಪಾದನೆ ತಡೆ ವಿಭಾಗದ ಮುಖ್ಯಸ್ಥ ಬಾಬ್ ಕ್ವಿಕ್ ಪ್ರಧಾನಿ ನಿವಾಸಕ್ಕೆ ನಡೆದು ಹೋಗುತ್ತಿದ್ದರು. ಕೈಯಲ್ಲಿದ್ದ ಕಾಗದದ ಮುಖ ಹೊರಗಡೆ ಇತ್ತು. ದೂರದಲ್ಲಿದ್ದ ಪತ್ರಿಕಾ ಛಾಯಾಗ್ರಾಹಕರ ಫೋಟೋದಲ್ಲಿ ಅದರ ಅಕ್ಷರ ಓದುವಷ್ಟು ಸ್ಪಷ್ಟವಾಗಿ ಬಂತು. ಅದು ನಡೆಯಬೇಕಿದ್ದ ದಾಳಿಯ ವಿವರ. ಆ ಕಾರ್ಯಾಚರಣೆಯನ್ನು ಅವಸರದಲ್ಲಿ ಅದೇ ದಿನ ಮಾಡಬೇಕಾಯಿತು. ಮರುದಿನ ಅವರು ರಾಜೀನಾಮೆ ಕೊಟ್ಟರು. ಭದ್ರತೆಯೇ ವೃತ್ತಿಯಾಗಿದ್ದ ಮನುಷ್ಯ ಅವರು. ಕಾರಿನಿಂದ ಬಾಗಿಲಿಗೆ ಇದ್ದದ್ದು ಕೆಲವೇ ಹೆಜ್ಜೆ. ಕಾಗದ ಒಂದು ಚೀಲದ ಒಳಗೆ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಇವತ್ತು ಆ ಥರದ ಕ್ಯಾಮೆರಾ ಪ್ರತಿಯೊಬ್ಬರ ಅಂಗಿಯ ಕಿಸೆಯಲ್ಲಿ ಇದೆ, ಅಲ್ವಾ?

ಇನ್ನು ನಿಮ್ಮ ಕೆಲಸ ಬೇರ್ಪಡಿಸೋಣ. ಹೈಕೋರ್ಟ್, ಸುಪ್ರೀಂ ಕೋರ್ಟ್ ತೀರ್ಪು ಓದುವುದು, ಕಾನೂನು ಪುಸ್ತಕದ ಟಿಪ್ಪಣಿ ಮಾಡಿಕೊಳ್ಳುವುದು, ಭೂಸ್ವಾಧೀನ ಕಾಯ್ದೆಯ ಕಲಂ ಹುಡುಕುವುದು, ಕೇಸಿನ ಮುಂದಿನ ತಾರೀಖು ನೋಡುವುದು, ಇದೆಲ್ಲ ಬಸ್ಸಿನಲ್ಲಿ ಧಾರಾಳವಾಗಿ ಮಾಡಿ. ಹೋಗುವ ಮೂರು ತಾಸಿಗೆ ಇಷ್ಟೇ ಸಾಕಾಗುವಷ್ಟು ಓದು ನಿಮ್ಮ ವೃತ್ತಿಯಲ್ಲಿ ಇದೆ. ಎರಡನೆಯದು ಕರಡು ಬರೆಯುವ ಕೆಲಸ. ಅರ್ಜಿಯ ಕರಡನ್ನು ಹೊರಗೆ ಬರೆಯಲೇಬೇಕಾದರೆ ಹೆಸರು, ಊರು, ಸರ್ವೆ ನಂಬರ್ ಇಲ್ಲದೆ ಬರೆಯಿರಿ. ಅರ್ಜಿದಾರ, ಎದುರುದಾರ, ಸದರಿ ಜಮೀನು ಎಂದೇ ಇರಲಿ. ಕಚೇರಿಗೆ ಬಂದು ಹೆಸರು ತುಂಬಿ. ಇದಕ್ಕೆ ಹತ್ತು ನಿಮಿಷ ಜಾಸ್ತಿ ಹಿಡಿಯುತ್ತದೆ, ನೆಮ್ಮದಿ ಮಾತ್ರ ಪೂರ್ತಿ. ಮೂರನೆಯದನ್ನು ಹೊರಗೆ ತೆರೆಯಲೇಬೇಡಿ: ಆಧಾರ್, ಬ್ಯಾಂಕ್ ಪಾಸ್‌ಬುಕ್, ವಕಾಲತ್ತು, ಹೆಬ್ಬೆಟ್ಟು ಇರುವ ಯಾವುದೇ ಕಾಗದ, ವಾಟ್ನಿ ಪತ್ರ, ರಾಜಿಯ ಮೊತ್ತ, ಸೀನಿಯರ್ ಬರೆದ ಟಿಪ್ಪಣಿ.

ಹೆಬ್ಬೆಟ್ಟಿನ ಬಗ್ಗೆ ಒತ್ತಿ ಹೇಳಲು ಕಾರಣ ಇದೆ. ಆಧಾರ್ ಆಧಾರಿತ ಪಾವತಿಯಲ್ಲಿ ಹಣ ತೆಗೆಯಲು ಬೇಕಾಗುವುದು ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು. ಒಟಿಪಿ ಕೇಳುವುದಿಲ್ಲ. 2023ರಲ್ಲಿ ಕರ್ನಾಟಕದಲ್ಲಿ ಆಸ್ತಿ ನೋಂದಣಿ ಮಾಡಿಸಿದ ಹಲವರ ಖಾತೆಯಿಂದ ಈ ದಾರಿಯಲ್ಲಿ ಹಣ ಹೋಯಿತು ಎಂಬ ದೂರುಗಳು ಬಂದವು. ನೋಂದಣಿ ಪತ್ರದಲ್ಲಿನ ಬೆರಳಚ್ಚನ್ನೇ ನಕಲು ಮಾಡಿದ್ದಾರೆ ಎಂಬ ಶಂಕೆ ಇತ್ತು. ನಿಮ್ಮ ಒಂದು ಫೈಲಿನಲ್ಲಿ ಈ ಮೂರೂ ಒಂದರ ಕೆಳಗೆ ಒಂದು ಪೋಣಿಸಿ ಇಟ್ಟಂತೆ ಇರುತ್ತವೆ. ನಿಮ್ಮ ರೈತ ಕಕ್ಷಿದಾರರಿಗೆಲ್ಲ ಒಂದು ಉಪಕಾರ ಮಾಡಿ. ಆಧಾರಿನ ಅಧಿಕೃತ ಆ್ಯಪಿನಲ್ಲಿ ಬೆರಳಚ್ಚಿನ ಲಾಕ್ ಹಾಕಿಸಿಕೊಡಿ. ಬೇಕಾದಾಗ ತೆಗೆದು ಮತ್ತೆ ಹಾಕಬಹುದು. ಮೊಬೈಲ್ ನಂಬರ್ ಆಧಾರಿಗೆ ಜೋಡಿಸಿರಬೇಕು, ಅಷ್ಟೇ.

ಬಸ್ಸಿನಲ್ಲಿ ಲ್ಯಾಪ್‌ಟಾಪ್ ತೆರೆಯುವಾಗ ಎಲ್ಲಿ ಕೂರುತ್ತೀರಿ ಅನ್ನುವುದು ಮುಖ್ಯ. ಕಿಟಕಿ ಪಕ್ಕ ಕೂತರೆ ಒಂದೇ ಕಡೆಯಿಂದ ನೋಡುತ್ತಾರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಬಸ್ಸುಗಳಲ್ಲಿ ನಿಂತು ಹೋಗುವವರು ಜಾಸ್ತಿ. ನಿಂತವರ ಕಣ್ಣು ಸಹಜವಾಗಿ ಕೆಳಗೆ, ನಿಮ್ಮ ಪರದೆಯ ಮೇಲೇ ಬೀಳುತ್ತದೆ. ಅವರದು ತಪ್ಪಲ್ಲ, ಬೇರೆ ಎಲ್ಲಿ ನೋಡಬೇಕು ಅವರು? ಪರದೆಗೆ ಅಂಟಿಸುವ ಪ್ರೈವೆಸಿ ಫಿಲ್ಮ್ ಸಿಗುತ್ತದೆ. ಅಕ್ಕಪಕ್ಕದಿಂದ ನೋಡಿದರೆ ಅದು ಕಪ್ಪಗೆ ಕಾಣುತ್ತದೆ. ತೆಗೆದುಕೊಳ್ಳಿ, ಒಳ್ಳೆಯದೇ. ಆದರೆ ನೇರ ಹಿಂದಿನಿಂದ, ನಿಮ್ಮ ಹೆಗಲ ಮೇಲಿನಿಂದ ನೋಡುವವರಿಗೆ ಎಲ್ಲವೂ ಕಾಣುತ್ತದೆ. ಅಂಗಡಿಯವರು ಇದನ್ನು ಹೇಳುವುದಿಲ್ಲ. ಇನ್ನೊಂದು ಮಾತು, ರಾತ್ರಿ ವಾಪಸು ಬರುವಾಗ ನವಲಗುಂದ, ನರಗುಂದ ದಾಟುತ್ತಿದ್ದಂತೆ ಕಂಡಕ್ಟರ್ ದೀಪ ಆರಿಸುತ್ತಾರೆ. ಆಗ ಇಡೀ ಬಸ್ಸಿನಲ್ಲಿ ಉರಿಯುವುದು ನಿಮ್ಮ ಪರದೆ ಒಂದೇ. ಕಿಟಕಿಯ ಗಾಜಿನಲ್ಲೂ ಅದು ಮೂಡುತ್ತದೆ. ರಾತ್ರಿ ಬಸ್ಸಿನಲ್ಲಿ ಕೆಲಸ ಮಾಡಲೇಬೇಡಿ. ನಿದ್ದೆ ಮಾಡಿ.

ಕುಳಗೇರಿ ಕ್ರಾಸಿನಲ್ಲಿ ಬಸ್ ನಿಂತಾಗ ಚಹಾಕ್ಕೆ ಇಳಿಯುತ್ತೀರಿ ತಾನೆ? ಲ್ಯಾಪ್‌ಟಾಪ್ ಚೀಲ ಹೆಗಲ ಮೇಲೇ ಇರಲಿ. "ಸ್ವಲ್ಪ ನೋಡ್ಕೊಳ್ರಿ" ಎಂದು ಪಕ್ಕದವರಿಗೆ ಹೇಳಿ ಹೋಗುವುದು ನಮ್ಮ ಕಡೆ ಸಾಮಾನ್ಯ. ಊಟದ ಬುತ್ತಿಗೆ ಅದು ಸರಿ, ಕಕ್ಷಿದಾರರ ಫೈಲಿಗೆ ಸರಿಯಲ್ಲ. ಮೇಲಿನ ರ‍್ಯಾಕಿನಲ್ಲಿ ಇಡಬೇಡಿ, ಕಾಲ ನಡುವೆ ಇಡಿ, ಚೀಲದ ಪಟ್ಟಿಯನ್ನು ಕಾಲಿಗೆ ಸುತ್ತಿಕೊಳ್ಳಿ. ಕ್ಯಾಂಟೀನಿನಲ್ಲಿ ಕೈ ತೊಳೆಯಲು ಎದ್ದರೂ ವಿಂಡೋಸ್ ಕೀಲಿ ಮತ್ತು ಎಲ್ ಅಕ್ಷರ ಒಟ್ಟಿಗೆ ಒತ್ತಿ, ಪರದೆ ಮುಚ್ಚುತ್ತದೆ. ನಿಮ್ಮ ಫೈಲಿನ ರಟ್ಟಿನ ಮೇಲೆ ದಪ್ಪ ಮಾರ್ಕರಿನಿಂದ ಕಕ್ಷಿದಾರರ ಹೆಸರು ಬರೆದಿದ್ದರೆ ಇವತ್ತೇ ಬದಲಿಸಿ. ಕಚೇರಿಯ ಕ್ರಮಸಂಖ್ಯೆ ಒಂದೇ ಸಾಕು.

ಈಗ ಝೆರಾಕ್ಸ್ ಅಂಗಡಿ. ನಿಮ್ಮ ಪ್ರಶ್ನೆಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇದೇ. ಬಸ್ಸಿನಲ್ಲಿ ಒಬ್ಬರೋ ಇಬ್ಬರೋ ನೋಡುತ್ತಾರೆ. ಅಂಗಡಿಯಲ್ಲಿ ನಿಮ್ಮ ಕಾಗದ ಉಳಿದುಬಿಡುತ್ತದೆ.

ಏನಾಗುತ್ತದೆ ನೋಡಿ. ನೀವು ಅಂಗಡಿಯ ನಂಬರಿಗೆ ವಾಟ್ಸ್ಯಾಪ್ ಮಾಡುತ್ತೀರಿ. ಅವರ ಕಂಪ್ಯೂಟರಿನಲ್ಲಿ ವಾಟ್ಸ್ಯಾಪ್ ವೆಬ್ ಬೆಳಗಿನಿಂದ ರಾತ್ರಿವರೆಗೆ ತೆರೆದೇ ಇರುತ್ತದೆ. ಅವರು ಫೈಲ್ ಡೌನ್‌ಲೋಡ್ ಮಾಡಿ ಪ್ರಿಂಟ್ ಕೊಡುತ್ತಾರೆ. ಪ್ರಿಂಟ್ ನಿಮ್ಮ ಕೈಗೆ ಬಂತು, ದುಡ್ಡು ಕೊಟ್ಟಿರಿ, ಹೋದಿರಿ. ಫೈಲ್ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಉಳಿಯಿತು. ನೀವು ಆಮೇಲೆ ನೆನಪಾಗಿ "ಎಲ್ಲರಿಗೂ ಅಳಿಸು" ಒತ್ತಿದರೆ ಚಾಟಿನಿಂದ ಹೋಗುತ್ತದೆ, ಅದೂ ಎರಡು ದಿನ ಚಿಲ್ಲರೆ ಅವಧಿಯೊಳಗೆ ಒತ್ತಿದರೆ. ಕಂಪ್ಯೂಟರಿಗೆ ಇಳಿದ ಪ್ರತಿ ಹೋಗುವುದಿಲ್ಲ. ನಾನು ಕೆಲಸದ ಮೇಲೆ ನೋಡಿದ ಅಂಗಡಿಗಳಲ್ಲಿ ಆ ಫೋಲ್ಡರ್ ತೆರೆದರೆ ತಿಂಗಳುಗಟ್ಟಲೆ ಹಿಂದಿನ ಆಧಾರ್, ಅಂಕಪಟ್ಟಿ, ವೈದ್ಯರ ವರದಿ, ಖರೀದಿ ಪತ್ರ ಸಾಲಾಗಿ ಕಾಣುತ್ತಿದ್ದವು. ಅಂಗಡಿಯವರು ಕಳ್ಳರಲ್ಲ. ಬೆಳಗಿನಿಂದ ನಿಂತೇ ದುಡಿಯುವ ಮಂದಿ. ಅಳಿಸಲು ಪುರುಸೊತ್ತು ಇರುವುದಿಲ್ಲ, ಯಾರೂ ಹೇಳಿಕೊಟ್ಟೂ ಇಲ್ಲ. ಆದರೆ ಅದೇ ಕಂಪ್ಯೂಟರಿನ ಮುಂದೆ ದಿನಕ್ಕೆ ಎಷ್ಟು ಜನ ಬಂದು ಕೂರುತ್ತಾರೆ ಯೋಚಿಸಿ.

ಇದಕ್ಕೆ ಒಂದು ಸುಲಭ ಉಪಾಯ ಇದೆ. ವರ್ಡಿನಲ್ಲಿ ಪಿಡಿಎಫ್ ಮಾಡುವಾಗಲೇ ಪಾಸ್‌ವರ್ಡ್ ಹಾಕುವ ಆಯ್ಕೆ ಇದೆ. ಹಾಗೆ ಮಾಡಿ ಕಳಿಸಿ. ಅಂಗಡಿಯಲ್ಲಿ ಪಾಸ್‌ವರ್ಡನ್ನು ಬಾಯಲ್ಲಿ ಹೇಳಬೇಡಿ, ಚೀಟಿಯಲ್ಲೂ ಬರೆದು ಕೊಡಬೇಡಿ, ನೀವೇ ಟೈಪ್ ಮಾಡಿ. ಪ್ರಿಂಟ್ ಬಂದ ಮೇಲೆ ಫೈಲ್ ಅಲ್ಲೇ ಉಳಿದರೂ ಬೀಗ ಹಾಕಿಯೇ ಇರುತ್ತದೆ. ಪಾಸ್‌ವರ್ಡ್ ಮಾತ್ರ ಕಕ್ಷಿದಾರರ ಹೆಸರೋ ಕೇಸಿನ ನಂಬರೋ ಆಗಬಾರದು. ಇ-ಆಧಾರ್ ಪಿಡಿಎಫಿಗೂ ಪಾಸ್‌ವರ್ಡ್ ಇದೆಯಲ್ಲ ಎನ್ನಬೇಡಿ. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಆಮೇಲೆ ಹುಟ್ಟಿದ ವರ್ಷ. ಇದು ಎಲ್ಲರಿಗೂ ಗೊತ್ತಿರುವ ಸೂತ್ರ. ಹೆಸರು ಮತ್ತು ವಯಸ್ಸು ನಿಮ್ಮ ಅರ್ಜಿಯ ಮೊದಲ ಪುಟದಲ್ಲೇ ಇರುತ್ತದೆ. ಆಧಾರ್ ಸಂಖ್ಯೆ ಪೂರ್ತಿ ಬೇಕಿಲ್ಲದ ಕಡೆ ಮಾಸ್ಕ್ ಮಾಡಿದ ಆಧಾರ್ ಇಳಿಸಿಕೊಳ್ಳಿ, ಅದರಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತದೆ.

ಅಂಗಡಿಯ ಕಂಪ್ಯೂಟರಿನಲ್ಲಿ ನಿಮ್ಮ ಮೇಲ್ ತೆರೆಯಬೇಡಿ. ಪೆನ್ ಡ್ರೈವ್ ಒಯ್ದರೆ ಅದರಲ್ಲಿ ಆ ದಿನ ಬೇಕಾದ ಫೈಲ್ ಒಂದೇ ಇರಲಿ. ಕಚೇರಿಯ ಎಲ್ಲಾ ಕೇಸುಗಳನ್ನು ತುಂಬಿದ ಪೆನ್ ಡ್ರೈವನ್ನು ಅಂಗಡಿಗೆ ಹಾಕುವ ಜೂನಿಯರ್‌ಗಳನ್ನು ನಾನು ನೋಡಿದ್ದೇನೆ. ಅದರಲ್ಲಿ ವೈರಸ್ ಹತ್ತಿ ಬರುವುದು ಇನ್ನೊಂದು ಕಥೆ. ಮಷಿನ್ ಗಾಜಿನ ಮೇಲೆ ಮೂಲ ಕಾಗದ ಬಿಟ್ಟು ಬರುವುದು ಎಲ್ಲರಿಗೂ ಆಗುವ ತಪ್ಪು. ಹೊರಡುವ ಮೊದಲು ಮುಚ್ಚಳ ಎತ್ತಿ ನೋಡಿ. ಕಾಗದ ಸಿಕ್ಕಿಹಾಕಿಕೊಂಡು ಹಾಳಾದ ಪ್ರತಿ, ವಾರೆಯಾಗಿ ಬಂದ ಪ್ರತಿ, ಒಂದು ಜಾಸ್ತಿ ಬಂದ ಪ್ರತಿ, ಇವುಗಳನ್ನೂ ಕೇಳಿ ತೆಗೆದುಕೊಳ್ಳಿ. ಅವು ಅಂಗಡಿಯ ಮೂಲೆಯ ಡಬ್ಬಿಗೆ ಹೋಗುತ್ತವೆ. ಅಲ್ಲಿಂದ ರದ್ದಿಗೆ. ರದ್ದಿ ಎಲ್ಲಿಗೆ ಹೋಗುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಒಮ್ಮೆ ಸಂಜೆ ನನ್ನ ಕೈಗೆ ಮಿರ್ಚಿ ಭಜಿ ಕಟ್ಟಿಕೊಟ್ಟ ಕಾಗದ ಯಾರದೋ ಬ್ಯಾಂಕ್ ಖಾತೆಯ ವಿವರ ಆಗಿತ್ತು. ಒಂದು ಕಡೆ ಎಣ್ಣೆ, ಇನ್ನೊಂದು ಕಡೆ ಖಾತೆಯ ನಂಬರ್ ಸ್ಪಷ್ಟ. ಆ ಕಾಗದವನ್ನು ಮನೆಗೆ ಒಯ್ದು ಸುಟ್ಟೆ.

ನಿಮ್ಮ ಸೀನಿಯರ್‌ಗೆ ಒಂದು ಮಾತು ಹೇಳಿ. ಹದಿನೈದು ಇಪ್ಪತ್ತು ಸಾವಿರಕ್ಕೆ ಸಣ್ಣ ಲೇಸರ್ ಪ್ರಿಂಟರ್ ಬರುತ್ತದೆ. ಆಧಾರ್, ಪಾಸ್‌ಬುಕ್, ವಕಾಲತ್ತು ಇಷ್ಟು ಕಚೇರಿಯಲ್ಲೇ ಆಗಲಿ. ಕೇಸಿನ ಕಾಗದಗಳನ್ನೆಲ್ಲ ಸೇರಿಸಿದ ದಪ್ಪ ಪೇಪರ್ ಬುಕ್ಕಿನ ಹತ್ತು ಪ್ರತಿ ಬೇಕಾದಾಗ ಅಂಗಡಿ ಇದ್ದೇ ಇದೆ. ಆಗಲೂ ನೀವು ಮಷಿನ್ ಪಕ್ಕದಲ್ಲಿ ನಿಂತಿರಿ, ಕೊಟ್ಟು ಊಟಕ್ಕೆ ಹೋಗಬೇಡಿ.

ಫೋನಿನ ಗ್ಯಾಲರಿ ಒಂದು ಉಳಿಯಿತು. ಕಕ್ಷಿದಾರರು ಕಾಗದದ ಫೋಟೋ ತೆಗೆದು ವಾಟ್ಸ್ಯಾಪ್ ಮಾಡುತ್ತಾರೆ, ಅದು ನೇರವಾಗಿ ನಿಮ್ಮ ಗ್ಯಾಲರಿಗೆ ಬಂದು ಮದುವೆ ಫೋಟೋಗಳ ನಡುವೆ ಕೂರುತ್ತದೆ. ಬಸ್ಸಿನಲ್ಲಿ ಪಕ್ಕದ ಅಕ್ಕನಿಗೆ ತಂಗಿಯ ಸೀಮಂತದ ಫೋಟೋ ತೋರಿಸುತ್ತಾ ಬೆರಳು ಸರಿಸಿದರೆ ಮುಂದಿನದು ಪಾಸ್‌ಬುಕ್. ವಾಟ್ಸ್ಯಾಪ್ ಸೆಟ್ಟಿಂಗಿನಲ್ಲಿ ಮೀಡಿಯಾ ಗ್ಯಾಲರಿಗೆ ಬರದಂತೆ ಮಾಡಬಹುದು, ಅದನ್ನು ಈಗಲೇ ಮಾಡಿ. ಲಾಕ್ ಆದ ಪರದೆಯ ಮೇಲೆ ಸಂದೇಶದ ಸಾಲುಗಳು ಕಾಣದಂತೆಯೂ ಮಾಡಿ. ಲಿಂಕ್ ಮಾಡಿದ ಸಾಧನಗಳ ಪಟ್ಟಿ ತೆರೆದು, ಎಂದೋ ಯಾವುದೋ ಕಂಪ್ಯೂಟರಿನಲ್ಲಿ ತೆರೆದ ವಾಟ್ಸ್ಯಾಪ್ ವೆಬ್ ಇನ್ನೂ ಇದ್ದರೆ ತೆಗೆದುಹಾಕಿ.

ಲ್ಯಾಪ್‌ಟಾಪ್ ಕಳೆದರೆ? ವಿಂಡೋಸ್ ಪಾಸ್‌ವರ್ಡ್ ಇದೆ ಎಂದು ನೆಮ್ಮದಿಯಾಗಿ ಇರಬೇಡಿ. ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಜೋಡಿಸಿದರೆ ಎಲ್ಲಾ ಫೈಲ್ ಓದಬಹುದು. ಡಿಸ್ಕನ್ನೇ ಗೂಢಲಿಪಿ ಮಾಡಿರಬೇಕು. ವಿಂಡೋಸ್ ಪ್ರೊದಲ್ಲಿ ಬಿಟ್‌ಲಾಕರ್ ಎಂಬ ಹೆಸರಿನಲ್ಲಿ ಅದು ಇದೆ, ಹೋಮ್ ಆವೃತ್ತಿಯ ಹಲವು ಹೊಸ ಲ್ಯಾಪ್‌ಟಾಪಿನಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಎಂದು ಇರುತ್ತದೆ. ಆನ್ ಮಾಡುವಾಗ ಬರುವ ರಿಕವರಿ ಕೀಯನ್ನು ಬರೆದು ಕಚೇರಿಯ ತಿಜೋರಿಯಲ್ಲಿ ಇಡಿ. ಲ್ಯಾಪ್‌ಟಾಪ್ ಚೀಲದಲ್ಲೇ ಇಡಬೇಡಿ. ಕಳೆದುಹೋದರೆ ಮೊದಲ ಫೋನ್ ಸೀನಿಯರ್‌ಗೆ. ಬಯ್ಯುತ್ತಾರೆ ಎಂದು ಒಂದು ದಿನ ಮುಚ್ಚಿಟ್ಟರೆ ಆ ಒಂದು ದಿನವೇ ಕಳ್ಳರಿಗೆ ಸಾಕು. ಆಮೇಲೆ ಮೇಲ್ ಪಾಸ್‌ವರ್ಡ್ ಬದಲಿಸಿ, ಪೊಲೀಸ್ ದೂರು ಕೊಡಿ, ಆ ಫೈಲಿನ ಕಕ್ಷಿದಾರರಿಗೆ ತಿಳಿಸಿ ಬೆರಳಚ್ಚಿನ ಲಾಕ್ ಹಾಕಿಸಿ. ಯಾರ ಖಾತೆಯಿಂದಾದರೂ ಹಣ ಹೋದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ.

ಕಾನೂನು ನಿಮಗೆ ನಾನು ಹೇಳಿಕೊಡುವುದು ಅತಿಯಾಯಿತು. ಆದರೆ ಎರಡು ವಿಷಯ ಜೂನಿಯರ್‌ಗಳ ಗಮನಕ್ಕೆ ಬಂದಿರುವುದಿಲ್ಲ. ಕಕ್ಷಿದಾರರ ಗುಟ್ಟು ಕಾಯುವ ಕಟ್ಟುಪಾಡು 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 132ರಲ್ಲಿ ಇದೆ. ವಕೀಲರ ಗುಮಾಸ್ತರು, ನೌಕರರಿಗೂ ಅದು ಅನ್ವಯ. ಕೇಸು ಮುಗಿದ ಮೇಲೂ ಆ ಹೊಣೆ ಮುಗಿಯುವುದಿಲ್ಲ. ಅಂದರೆ ನಿಮ್ಮ ಕಚೇರಿಯ ಟೈಪಿಸ್ಟಿಗೂ ಈ ಮಾತುಗಳನ್ನು ಹೇಳಬೇಕು. ಎರಡನೆಯದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ ಹಂತ ಹಂತವಾಗಿ ಜಾರಿಗೆ ಬರುತ್ತಿವೆ. ಕಾನೂನು ಹಕ್ಕು ಸಾಧಿಸಲು ಮಾಹಿತಿ ಬಳಸುವವರಿಗೆ ಅದರಲ್ಲಿ ಕಲಂ 17ರ ಪ್ರಕಾರ ಹಲವು ವಿನಾಯಿತಿ ಇದೆ. ಮಾಹಿತಿಯನ್ನು ಜೋಪಾನ ಮಾಡುವ ಹೊಣೆಗೆ ಮಾತ್ರ ವಿನಾಯಿತಿ ಇಲ್ಲ. ಆ ಹೊಣೆ ತಪ್ಪಿದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. ನಿಮ್ಮಂಥ ಸಣ್ಣ ಕಚೇರಿಗೆ ಆ ಮೊತ್ತ ಬೀಳುತ್ತದೆ ಎಂದು ಹೆದರಿಸುತ್ತಿಲ್ಲ. ಕಾಯ್ದೆ ಯಾವುದಕ್ಕೆ ಹೆಚ್ಚು ತೂಕ ಕೊಟ್ಟಿದೆ ಎಂದು ತೋರಿಸಲು ಹೇಳಿದೆ.

ಕೊನೆಗೆ ನಿಮ್ಮ ಮನೆಯ ಜಾಗದ ಮಾತು. ಅದನ್ನು ನೀವು ಒಂದೇ ಸಾಲಿನಲ್ಲಿ ಬರೆದಿದ್ದೀರಿ, ಆದರೆ ಇಡೀ ಪ್ರಶ್ನೆ ಅಲ್ಲಿಂದಲೇ ಹುಟ್ಟಿದೆ ಎಂದು ನನಗೆ ಅನ್ನಿಸಿತು. ಹೊರಗೆ ಫೈಲ್ ತೆರೆಯಬೇಡ ಎನ್ನುವ ಸೀನಿಯರ್ ಒಳಗೆ ಕೂರಲು ಜಾಗವನ್ನೂ ಕೊಡಬೇಕು. ಕಚೇರಿಯ ಒಂದು ಕೀಲಿ ಕೇಳಿ. ಬೆಳಿಗ್ಗೆ ಎಂಟರಿಂದ ಹತ್ತು, ಕಕ್ಷಿದಾರರು ಬರುವ ಮೊದಲಿನ ಎರಡು ತಾಸು ನಿಮಗೆ ಬಿಟ್ಟುಕೊಡಲಿ. ಧಾರವಾಡಕ್ಕೆ ಹೋಗುವ ದಿನ ಓದುವ ಕೆಲಸ ಮಾತ್ರ ಜೊತೆಗೆ ಒಯ್ಯಿ. ಕೇಳಲು ಸಂಕೋಚವಾದರೆ ಈ ಉತ್ತರವನ್ನೇ ಅವರಿಗೆ ತೋರಿಸಿ.